ಹೊಟ್ಟೆಯ ಆಪರೇಷನ್ ಆದವರನ್ನು ಮಲಗಿಸಿಯೇ ಇಡಬೇಡಿ

ವಾರ್ಡಿನಲ್ಲಿ ರೋಗಿಯ ಪಕ್ಕ ಕೂತವರು ಹೇಳುವ ಮೊದಲ ಮಾತು, "ಅಲ್ಲಾಡಬೇಡ, ಹೊಲಿಗೆ ಬಿಚ್ಚಿಹೋಗುತ್ತೆ." ಕಾಳಜಿಯ ಮಾತೇ. ಆದರೆ ನೋವಿಗೆ ಹೆದರಿ ಅರೆಬರೆ ಉಸಿರೆಳೆಯುತ್ತಾ ಅಂಗಾತ ಬಿದ್ದುಕೊಂಡರೆ ಶ್ವಾಸಕೋಶದ ಕೆಳಭಾಗ ಮುದುಡುತ್ತದೆ, ಕಫ ಅಲ್ಲೇ ಕಟ್ಟಿಕೊಂಡು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಉಸಿರಾಟದ ವ್ಯಾಯಾಮಕ್ಕೆಂದು ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟರೆ ಎಷ್ಟೋ ಜನ ಪೀಪಿಯಂತೆ ಊದುತ್ತಾರೆ. ಅದು ಊದುವುದಲ್ಲ, ಒಳಗೆ ಎಳೆಯುವುದು. ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಹಿಡಿದು ನಿಧಾನವಾಗಿ ಎಳೆದು, 3 ಸೆಕೆಂಡ್ ಚೆಂಡು ಮೇಲೆ ನಿಲ್ಲಿಸಬೇಕು. ಎಚ್ಚರವಿದ್ದಾಗ ಗಂಟೆಗೆ 10 ಸಲ. ತಲೆ ಸುತ್ತಿದರೆ ಸ್ವಲ್ಪ ಬಿಡುವು. ಆಮೇಲೆ ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿದು ಕೆಮ್ಮಿಸಿ. ದಿಂಬಿಲ್ಲದೆ ಒಮ್ಮೆ ಕೆಮ್ಮಿ ನೋವು ತಿಂದವರು ಮತ್ತೆ ಕೆಮ್ಮಲು ಒಪ್ಪುವುದಿಲ್ಲ.

ಡಾಕ್ಟರು ಎಬ್ಬಿಸಲು ಹೇಳಿದರೆ, ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಕಾಯಿರಿ. ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಎರಡೂ ಕಾಲಿಗೆ ಪೂರ್ತಿ ಶಕ್ತಿ ಬಂದಿರಲೇಬೇಕು. ಕೈ ಹಿಡಿದು ಎಳೆದು ಕೂರಿಸುವುದು ಬೇಡ, ಹೊಟ್ಟೆಯ ಸ್ನಾಯುವಿಗೆ ಎಲ್ಲ ಭಾರ ಬೀಳುವುದು ಅಲ್ಲೇ. ಮೊಣಕಾಲು ಮಡಚಿ ಮಗ್ಗುಲಾಗಲಿ, ಕಾಲು ಮಂಚದಿಂದ ಕೆಳಗಿಳಿಸಿ ಮೊಣಕೈ ಊರಿ ಏಳಲಿ. ಎರಡು ಮೂರು ನಿಮಿಷ ಹಾಗೇ ಕೂರಲಿ. ಮೊದಲ ಸಲ ಎದ್ದಾಗಲೇ ಬಿಪಿ ಇಳಿದು ಕುಸಿಯುವವರು ಹೆಚ್ಚು, ಹಾಗಾಗಿ ಪಕ್ಕದಲ್ಲಿ ಸಿಸ್ಟರ್ ಇರಬೇಕು.

ಯೂರಿನ್ ಬ್ಯಾಗ್ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. 60 ಕೆಜಿ ತೂಕದವರಿಗೆ ಗಂಟೆಗೆ ಸುಮಾರು 30 ಎಂಎಲ್ ಆದರೂ ಬರಬೇಕು. ಕಡಿಮೆಯಾದರೆ ಪೈಪು ತೊಡೆಯಡಿ ಸಿಕ್ಕಿದೆಯೇ ನೋಡಿ. ಬಹಳ ಸಲ ಅಷ್ಟೇ ಇರುತ್ತದೆ. ಇಲ್ಲದಿದ್ದರೆ ತಕ್ಷಣ ತಿಳಿಸಿ. ಪೈಪು ತೆಗೆದು 6 ಗಂಟೆ ಕಳೆದರೂ ಮೂತ್ರ ಬರದಿದ್ದರೆ ಆಗಲೂ ತಿಳಿಸಿ.

ಡ್ರೆಸ್ಸಿಂಗ್ ಮೇಲೆ ರಕ್ತ ಕಂಡರೆ ಬಿಚ್ಚಬೇಡಿ. ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ, ಸಿಸ್ಟರ್‌ಗೆ ತೋರಿಸಿ. ಗೆರೆ ದಾಟಿ ಹರಡುತ್ತಿದ್ದರೆ ರಕ್ತ ಸೋರುವುದು ಇನ್ನೂ ನಿಂತಿಲ್ಲದಿರಬಹುದು. "ಬಿಪಿ ಸರಿ ಇದೆ" ಅಂತ ನೆಮ್ಮದಿಯಾಗಿ ಕೂರುವಂತಿಲ್ಲ: ರಕ್ತಸ್ರಾವದಲ್ಲಿ ಸಾಮಾನ್ಯವಾಗಿ ನಾಡಿ ಮೊದಲು ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಬಿಪಿ ಕುಸಿಯುವುದು ತಡವಾಗಿ.

ಮನೆಗೆ ಬಂದ ಮೇಲೆ ಪಥ್ಯದ ಕಾಟ. ನೀರು ಕುಡಿದರೆ, ಅನ್ನ ತಿಂದರೆ ಕೀವಾಗುತ್ತದೆ ಎಂಬುದು ಸುಳ್ಳು. ಡಾಕ್ಟರು ಊಟ ಶುರುಮಾಡಿ ಎಂದಮೇಲೆ ಬೇಳೆ, ಮೊಟ್ಟೆ, ಮೊಸರು ಎಲ್ಲ ಬೇಕು. ಗಾಯ ಕೂಡುವುದೇ ಪ್ರೋಟೀನಿನಿಂದ. ಹೊಲಿಗೆಗೆ ಅರಿಶಿನಪುಡಿ ಹಾಕಬೇಡಿ, ಅದು ಶುಚಿಮಾಡಿದ ಪುಡಿಯಲ್ಲ, ಮೇಲಾಗಿ ಗಾಯ ಕೆಂಪಾಗಿದ್ದರೂ ಆ ಹಳದಿಯಲ್ಲಿ ಕಾಣದು. ಗಾಯಕ್ಕೆ ಕೀವು ಹಿಡಿಯುವುದು ಹೆಚ್ಚಾಗಿ ಮನೆಗೆ ಬಂದ ಮೇಲೆಯೇ, ಐದಾರು ದಿನ ಕಳೆದು. ಸುತ್ತ ಬಿಸಿ, ಊತ, ವಾಸನೆ, ಚಳಿಜ್ವರ ಕಂಡರೆ ಚೆಕಪ್‌ನ ದಿನಕ್ಕೆ ಕಾಯದೆ ಹೊರಡಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.