ಕ್ಯೂಬೇಸ್‌ನಿಂದ ಪ್ರೊ ಟೂಲ್ಸ್‌ಗೆ: ಎಲ್ಲ ಟ್ರ್ಯಾಕೂ ಸೊನ್ನೆಯಿಂದಲೇ

ಡೊಂಬಿವಲಿಯ ಮನೆಯಲ್ಲಿ ಭಾಗವತಿಕೆ, ಚೆಂಡೆ, ಮದ್ದಳೆ ರೆಕಾರ್ಡ್ ಮಾಡಿ ಅಂಧೇರಿಯ ಸ್ಟುಡಿಯೋಗೆ ಮಿಕ್ಸಿಂಗಿಗೆ ಒಯ್ಯುವವರು ದಯವಿಟ್ಟು ರೆಕಾರ್ಡಿಂಗ್ ತಂತ್ರಾಂಶ ಕ್ಯೂಬೇಸ್‌ನ ಪ್ರಾಜೆಕ್ಟ್ ಫೈಲನ್ನಷ್ಟೇ ಕೊಂಡೊಯ್ಯಬೇಡಿ. ಸ್ಟುಡಿಯೋದ ತಂತ್ರಾಂಶ ಪ್ರೊ ಟೂಲ್ಸ್ ಅದನ್ನು ತೆರೆಯುವುದಿಲ್ಲ. ಎಎಎಫ್ (ತಂತ್ರಾಂಶಗಳ ನಡುವೆ ಪ್ರಾಜೆಕ್ಟ್ ದಾಟಿಸುವ ಫೈಲ್) ಮಾಡಿದರೆ ತುಣುಕುಗಳು, ಅವುಗಳ ಜಾಗ ದಾಟುತ್ತವೆ, ಪ್ಲಗಿನ್‌ಗಳು (ದನಿಗೆ ಹಾಕಿದ ಎಫೆಕ್ಟ್‌ಗಳು) ದಾಟುವುದಿಲ್ಲ.

ನನ್ನ ನಂಬಿಕೆ ಸಾದಾ ವೇವ್ (WAV) ಆಡಿಯೋ ಫೈಲಿನ ಮೇಲೆ. ಪ್ರತಿ ಟ್ರ್ಯಾಕನ್ನೂ ಪ್ರಾಜೆಕ್ಟಿನ ಸೊನ್ನೆ ಸಮಯದಿಂದ ಕೊನೆಯವರೆಗೆ ಒಂದೇ ಅಖಂಡ ಫೈಲಾಗಿ ತೆಗೆಯಿರಿ. ಭಾಗವತರ ದನಿ 3ನೇ ನಿಮಿಷಕ್ಕೆ ಬಂದರೂ ಅದಕ್ಕೆ ಮೊದಲಿನ ಮೌನವೂ ಫೈಲಿನಲ್ಲಿರಬೇಕು. ಇಲ್ಲದಿದ್ದರೆ ಅಲ್ಲಿ ಎಲ್ಲವೂ ಸೊನ್ನೆಗೆ ಬಂದು ಕೂರುತ್ತವೆ, ತಾಳ ಕೂಡುವುದಿಲ್ಲ. ಮೋನೋ (ಒಂದೇ ಚಾನೆಲ್‌ನ) ಟ್ರ್ಯಾಕ್ ಮೋನೋ ಆಗಿಯೇ ಇರಲಿ. ಎಲ್ಲ ಟ್ರ್ಯಾಕೂ ಬಂದು ಸೇರುವ ಮಾಸ್ಟರ್ ಚಾನೆಲ್‌ನ ಲಿಮಿಟರ್ (ದನಿ ಮಿತಿ ಮೀರದಂತೆ ತಡೆಯುವ ಪ್ಲಗಿನ್) ತೆಗೆದುಬಿಡಿ.

ಹೆಚ್ಚು ಕೆಡುವುದು ಸ್ಯಾಂಪಲ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ದನಿಯನ್ನು ಅಳೆದಿದೆ ಎಂಬುದರಲ್ಲಿ. 48 ಕಿಲೋಹರ್ಟ್ಸ್ ಫೈಲನ್ನು ಪರಿವರ್ತಿಸದೆ 44.1ರ ಸೆಷನ್ನಿಗೆ (ಪ್ರೊ ಟೂಲ್ಸ್‌ನ ಪ್ರಾಜೆಕ್ಟಿಗೆ) ಹಾಕಿದರೆ ವೇಗ ಶೇ. 8ರಷ್ಟು ತಗ್ಗಿ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಇಳಿಯುತ್ತದೆ. ಚೆಂಡೆಯಲ್ಲಿ ಇದು ಬೇಗ ಗೊತ್ತಾಗದು, ಹಾರ್ಮೋನಿಯಂ ಸೇರಿಸಿ ನುಡಿಸುವಾಗಲೇ ಬಯಲಾಗುವುದು.

24 ಬಿಟ್, 48 ಕಿಲೋಹರ್ಟ್ಸ್‌ನ ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ. 16 ಟ್ರ್ಯಾಕ್, ಒಂದು ಗಂಟೆ ಎಂದರೆ ಸುಮಾರು 8.3 ಜಿಬಿ. ಎಲ್ಲವನ್ನೂ ಒಂದೇ ಜಿಪ್ ಮಾಡಿದರೆ ಫ್ಯಾಟ್32 ಎಂಬ ಫಾರ್ಮ್ಯಾಟಿನ ಪೆನ್ ಡ್ರೈವ್ ಒಪ್ಪುವುದಿಲ್ಲ, ಅದರಲ್ಲಿ ಒಂದು ಫೈಲಿಗೆ 4 ಜಿಬಿಯೇ ಮಿತಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ 01, 02 ಎಂದು. ಜೊತೆಗೆ ನಿಮ್ಮ ಕಚ್ಚಾ ಮಿಕ್ಸ್ ಕೂಡ ಇಡಿ: ಹೊಸ ಸೆಷನ್ನಿನಲ್ಲಿ ಅದರ ಪಕ್ಕ ಮುಕ್ತಾಯದ ಪೆಟ್ಟನ್ನು ಹೋಲಿಸಿ, ತಾಳ ಕೂಡಿದೆಯೇ ಎಂದು ನೋಡಲು.