ಮೂರು ಕೋರ್ಟುಗಳಲ್ಲಿ ಗೆದ್ದ ಸನ್ಯಾಸಿ

ಹಳೆಯ ನಿಗೂಢ ಪ್ರಕರಣಗಳ ಬಗ್ಗೆ ಬರೆಯುತ್ತೀರಲ್ಲ, ಅದರಲ್ಲಿ ಇವತ್ತಿಗೂ ಬಗೆಹರಿಯದ್ದು ಯಾವುದು ಹೇಳಿ ಎಂದು ತುಂಬ ಜನ ಕೇಳುತ್ತಾರೆ. ಸಮುದ್ರದ ಮಧ್ಯೆ ಸಿಕ್ಕ ಖಾಲಿ ಹಡಗು, ಕಾಣೆಯಾದ ವಿಮಾನ, ಅಂಥದ್ದೇನೋ ಹೇಳುತ್ತೇನೆ ಎಂದು ಕಾಯುತ್ತಿರುತ್ತಾರೆ. ನಾನು ಭವಾಲ್ ಸನ್ಯಾಸಿಯ ಹೆಸರು ಹೇಳುತ್ತೇನೆ. ಕಥೆ ಗೊತ್ತಿರುವವರು ಕೂಡಲೇ ತಡೆಯುತ್ತಾರೆ. "ಅಲ್ಲ ಮಾರಾಯರೆ, ಅದು ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ತೀರ್ಮಾನ ಆಯಿತಲ್ಲ?" ಆಯಿತು. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಆ ಕೋರ್ಟೇ ಕೊನೆಯದು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಗೊತ್ತಿಲ್ಲದವರಿಗೆ ಮೊದಲು ಕಥೆ ಹೇಳಿಬಿಡುತ್ತೇನೆ.

ಢಾಕಾದ ಹತ್ತಿರ ಜಯದೇವಪುರ ಅಂತ ಊರು. ಈಗಿನ ಬಾಂಗ್ಲಾದೇಶದ ಗಾಜೀಪುರ. ಅಲ್ಲಿ ಭವಾಲ್ ಎಂಬ ದೊಡ್ಡ ಜಮೀನ್ದಾರಿ ಇತ್ತು. ಜಮೀನ್ದಾರರನ್ನು ರಾಜ ಎಂದೇ ಕರೆಯುತ್ತಿದ್ದರು. ರಾಜೇಂದ್ರ ನಾರಾಯಣ ರಾಯ್ 1901ರಲ್ಲಿ ತೀರಿಕೊಂಡಾಗ ಮೂವರು ಗಂಡುಮಕ್ಕಳಿದ್ದರು. ನಡುವಿನವನು ರಮೇಂದ್ರ ನಾರಾಯಣ. ಓದು ಹತ್ತಲಿಲ್ಲ. ಶಿಕಾರಿ, ಆನೆ, ಕುದುರೆ, ಹೆಂಗಸರ ಸಹವಾಸ, ಇದರಲ್ಲೇ ದಿನ ಕಳೆಯುತ್ತಿದ್ದ. ಸಿಫಿಲಿಸ್ ರೋಗವೂ ಹತ್ತಿತ್ತು.

1909ರ ಏಪ್ರಿಲ್‌ನಲ್ಲಿ ಗಾಳಿ ಬದಲಾವಣೆಗೆಂದು ಡಾರ್ಜಿಲಿಂಗಿಗೆ ಹೋದ. ಜೊತೆಗೆ ಹೆಂಡತಿ ಬಿಭಾವತಿ, ಅವಳ ಅಣ್ಣ ಸತ್ಯೇಂದ್ರನಾಥ ಬ್ಯಾನರ್ಜಿ, ಮನೆಯ ಡಾಕ್ಟರ್ ಆಶುತೋಷ ದಾಸಗುಪ್ತ, ಆಳುಕಾಳು. ಇಳಿದುಕೊಂಡ ಬಂಗಲೆಯ ಹೆಸರು ಸ್ಟೆಪ್ ಅಸೈಡ್. (ಮುಂದೆ 1925ರಲ್ಲಿ ಚಿತ್ತರಂಜನ್ ದಾಸ್ ತೀರಿಕೊಂಡದ್ದೂ ಇದೇ ಮನೆಯಲ್ಲಿ.) ಮೇ 8ರಂದು ಕುಮಾರ ಸತ್ತ ಎಂದು ಊರಿಗೆ ಸುದ್ದಿ ಹೋಯಿತು. ಪಿತ್ತಕೋಶದ ಶೂಲೆಯಿಂದ ಸಾವು ಎಂದು ಬ್ರಿಟಿಷ್ ಸಿವಿಲ್ ಸರ್ಜನ್ ಬರೆದುಕೊಟ್ಟ. ವಿಮೆಯ ಹಣವೂ ಬಂತು. ಮುಂದಿನ ನಾಲ್ಕೈದು ವರ್ಷದಲ್ಲಿ ಉಳಿದ ಇಬ್ಬರು ಅಣ್ಣತಮ್ಮಂದಿರೂ ತೀರಿಹೋದರು. ಮನೆಯಲ್ಲಿ ಉಳಿದವರು ಮೂವರು ವಿಧವೆಯರು. ಆಸ್ತಿಯನ್ನು ಕೋರ್ಟ್ ಆಫ್ ವಾರ್ಡ್ಸ್ ಎಂಬ ಸರ್ಕಾರಿ ಇಲಾಖೆ ನೋಡಿಕೊಳ್ಳುತ್ತಿತ್ತು.

ಹನ್ನೆರಡು ವರ್ಷದ ಮೇಲೆ, 1921ರ ಹೊತ್ತಿಗೆ, ಢಾಕಾದ ಬಕ್ಲ್ಯಾಂಡ್ ಬಂಡ್ ಎಂಬ ನದಿದಂಡೆಯಲ್ಲಿ ಒಬ್ಬ ನಾಗಾ ಸಾಧು ಬಂದು ಕೂತ. ಮೈತುಂಬ ಬೂದಿ, ತಲೆಯಲ್ಲಿ ಜಟೆ. ಬಾಯಿ ಬಿಟ್ಟರೆ ಹಿಂದಿ. ಈತನ ಮುಖ ನಮ್ಮ ಮೆಜೊ (ನಡುವಿನ) ಕುಮಾರನ ಹಾಗೇ ಇದೆಯಲ್ಲ ಎಂದು ಗುಸುಗುಸು ಎದ್ದಿತು. ಅವನನ್ನು ಜಯದೇವಪುರಕ್ಕೆ ಕರೆದೊಯ್ದರು. ಅಕ್ಕ ಜ್ಯೋತಿರ್ಮಯಿ ದೇವಿ ಗುರುತು ಹಿಡಿದಳು. ಮುದುಕಿ ಅಜ್ಜಿ ಸತ್ಯಭಾಮಾ ದೇವಿಯೂ ಮೊಮ್ಮಗ ಎಂದು ಒಪ್ಪಿದಳು. ಮೇ 4ರಂದು ಊರ ಜನ ಗುಂಪುಗೂಡಿ, ನಿನ್ನನ್ನು ಸಾಕಿದ ದಾದಿಯ ಹೆಸರೇನು ಎಂದು ಕೇಳಿದರು. "ಅಲಕಾ" ಎಂದ. ಸರಿಯಾಗಿತ್ತು. ಜನ ಜೈಕಾರ ಹಾಕಿದರು.

ಆ ಪ್ರಸಂಗ ಓದುವಾಗ ಯಾರಿಗೂ ಮೈ ಜುಮ್ಮೆನ್ನುತ್ತದೆ, ನನಗೂ. ಆದರೆ ಒಂದು ಯೋಚನೆ ಮಾಡಿ. ಅವನು ಬಂದು ತಿಂಗಳುಗಟ್ಟಲೆ ಆಗಿತ್ತು. ಸುತ್ತಮುತ್ತ ಇದ್ದವರೆಲ್ಲ ಆ ಮನೆಯ ಪುರಾಣವನ್ನೇ ಮಾತಾಡುತ್ತಿದ್ದವರು. ದಾದಿಯ ಹೆಸರು ಕಿವಿಗೆ ಬೀಳುವುದು ಅಷ್ಟು ಕಷ್ಟವಾ? ಈ ಒಂದು ಉತ್ತರಕ್ಕೆ ಜನ ಕೊಡುವ ತೂಕ ಜಾಸ್ತಿಯಾಯಿತು ಅನಿಸುತ್ತದೆ. ಕೋರ್ಟಿನಲ್ಲಿ ಕೆಲಸಕ್ಕೆ ಬಂದದ್ದು ಬೇರೆಯದೇ.

ಜಿಲ್ಲಾ ಕಲೆಕ್ಟರ್ ಲಿಂಡ್ಸೆ ಜೂನ್ 3ರಂದೇ ಇವನು ಠಕ್ಕ ಎಂದು ನೋಟಿಸ್ ಹೊರಡಿಸಿದ. ಇತ್ತ ಒಕ್ಕಲುಗಳು ಸರ್ಕಾರಕ್ಕೆ ಗೇಣಿ ನಿಲ್ಲಿಸಿ ಸನ್ಯಾಸಿಗೆ ಕಾಣಿಕೆ ಕೊಡತೊಡಗಿದರು. ಅದರಲ್ಲಿ ಭಕ್ತಿ ಎಷ್ಟು, ಕೋರ್ಟ್ ಆಫ್ ವಾರ್ಡ್ಸ್ ಮೇಲಿನ ಸಿಟ್ಟು ಎಷ್ಟು ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಹೆಂಡತಿ ಬಿಭಾವತಿ ಮಾತ್ರ ಇವನು ನನ್ನ ಗಂಡನಲ್ಲ ಎಂದಳು. ಕೊನೆಯವರೆಗೂ ಆ ಮಾತಿನಿಂದ ಕದಲಲಿಲ್ಲ.

1930ರಲ್ಲಿ ಸನ್ಯಾಸಿ ದಾವೆ ಹೂಡಿದ. ವಿಚಾರಣೆ 1933ರ ನವೆಂಬರ್‌ನಲ್ಲಿ ಢಾಕಾದಲ್ಲಿ ಶುರುವಾಯಿತು. ನ್ಯಾಯಾಧೀಶ ಪನ್ನಾಲಾಲ್ ಬಸು. ವಾದಿಯ ಕಡೆ ಸಾವಿರಕ್ಕೂ ಜಾಸ್ತಿ ಸಾಕ್ಷಿಗಳು, ಎದುರು ಕಡೆ ನಾನ್ನೂರಕ್ಕೂ ಜಾಸ್ತಿ. ಬೇರೆ ಪ್ರಕರಣಗಳಲ್ಲಿ ಸಾಕ್ಷಿ ಸಿಗದೆ ಪರದಾಡುತ್ತಾರೆ. ಇಲ್ಲಿ ಸಂತೆಯ ದಿನದ ಹಾಗೆ ಸಾಕ್ಷಿಗಳ ನೂಕುನುಗ್ಗಲು. ಮಾವುತರು, ವೇಶ್ಯೆಯರು, ವಕೀಲರು, ಸಾಧುಗಳು, ಇಂಗ್ಲಿಷ್ ಅಧಿಕಾರಿಗಳು. ಅವನೇ ಎಂದು ಆಣೆ ಮಾಡಿದವರು ಒಂದು ಊರಿನಷ್ಟು, ಅವನಲ್ಲ ಎಂದು ಆಣೆ ಮಾಡಿದವರು ಇನ್ನೊಂದು ಊರಿನಷ್ಟು.

ಸನ್ಯಾಸಿ ಹೇಳಿದ ಕಥೆ ಹೀಗಿತ್ತು. ಡಾರ್ಜಿಲಿಂಗಿನಲ್ಲಿ ನನಗೆ ವಿಷ ಹಾಕಿದರು. ಸಂಜೆಯೇ ಸತ್ತ ಎಂದು ಸ್ಮಶಾನಕ್ಕೆ ಒಯ್ದರು. ಆಗ ಜೋರು ಮಳೆಗಾಳಿ ಬಂತು. ಹೊತ್ತುಕೊಂಡು ಬಂದವರು ಆಸರೆ ಹುಡುಕಿ ಓಡಿದರು. ಹತ್ತಿರದಲ್ಲಿದ್ದ ನಾಗಾ ಸಾಧುಗಳಿಗೆ ನರಳುವ ಸದ್ದು ಕೇಳಿ ನನ್ನನ್ನು ಎತ್ತಿಕೊಂಡು ಹೋದರು. ಹಳೆಯದೆಲ್ಲ ಮರೆತುಹೋಗಿತ್ತು. ವರ್ಷಗಟ್ಟಲೆ ಅವರ ಜೊತೆ ಅಲೆದೆ. ನೆನಪು ಮರಳಿದಾಗ ಗುರು ಧರ್ಮದಾಸ್ ಮನೆಗೆ ಹೋಗು ಎಂದರು.

ಎದುರು ಕಡೆಯವರ ವಾದ ಬೇರೆ. ಕುಮಾರ ಸತ್ತದ್ದು ನಡುರಾತ್ರಿ, ಸುಟ್ಟದ್ದು ಮರುದಿನ ಬೆಳಿಗ್ಗೆ, ಮೆರವಣಿಗೆಯಲ್ಲಿ ಒಯ್ದು. ಈ ಮನುಷ್ಯ ಪಂಜಾಬಿನ ಔಜ್ಲಾ ಊರಿನ ಮಾಲ್ ಸಿಂಗ್.

ಬಸು ಅವರಿಗೆ ನೆರವಾದದ್ದು ಮೈ. 1905ರಲ್ಲಿ ಜೀವ ವಿಮೆಗಾಗಿ ವೈದ್ಯರೊಬ್ಬರು ಕುಮಾರನನ್ನು ಪರೀಕ್ಷಿಸಿ ಬರೆದ ವರದಿ ಇತ್ತು. ಜಗಳ ಹುಟ್ಟುವ ಎಷ್ಟೋ ಮೊದಲಿನದು, ಯಾರ ಪಕ್ಷವೂ ಅಲ್ಲ. ಅದರಲ್ಲಿ ಎಡ ಹರಡಿನ ಗಾಯದ ಗುರುತಿನ ಮಾತಿದೆ. ಸನ್ಯಾಸಿಯ ಕಾಲಲ್ಲೂ ಗುರುತಿತ್ತು. ತಿಳಿ ಬಣ್ಣದ ಕಣ್ಣು, ಕಂದು ಕೂದಲು, ಕಾಲಿನ ಒರಟು ಚರ್ಮ, ಇವೂ ಹೊಂದಿದವು. ಒಂದೊಂದನ್ನೇ ತೆಗೆದುಕೊಂಡರೆ ಇನ್ನೊಬ್ಬನಲ್ಲೂ ಸಿಗಬಹುದು. ಎಲ್ಲವೂ ಒಟ್ಟಿಗೆ, ಅದೂ ಮುಖ ಹೋಲುವ ಒಬ್ಬನಲ್ಲೇ ಸಿಗುವುದು ಸುಮ್ನೆ ಆಗುವ ಮಾತಲ್ಲ. 1936ರ ಆಗಸ್ಟ್ 24ರಂದು ಬಸು ಬಲು ದೀರ್ಘವಾದ ತೀರ್ಪು ಕೊಟ್ಟರು: ಇವನೇ ರಮೇಂದ್ರ ನಾರಾಯಣ.

ಇಲ್ಲಿಗೆ ಮುಗಿಯಿತು ಎನ್ನುವವರು ಮುಂದಿನದನ್ನು ಸರಿಯಾಗಿ ನೋಡಿರುವುದಿಲ್ಲ. ಕಲ್ಕತ್ತಾ ಹೈಕೋರ್ಟಿನಲ್ಲಿ ಮೇಲ್ಮನವಿ ಕೇಳಿದವರು ಮೂವರು ನ್ಯಾಯಮೂರ್ತಿಗಳು. ಅವರಲ್ಲಿ ಕಾಸ್ಟೆಲೊ ರಜೆಗೆ ಇಂಗ್ಲೆಂಡಿಗೆ ಹೋದರು. ಯುದ್ಧ ಶುರುವಾಗಿ ವಾಪಸ್ ಬರಲಾಗಲಿಲ್ಲ. ತೀರ್ಪನ್ನು ಅಲ್ಲಿಂದಲೇ ಬರೆದು ಕಳಿಸಿದರು. ಬಿಸ್ವಾಸ್ ಮತ್ತು ಕಾಸ್ಟೆಲೊ ಸನ್ಯಾಸಿಯ ಪರ. ಲಾಡ್ಜ್ ಒಪ್ಪಲಿಲ್ಲ. ಅದೇ ಕಾಗದ, ಅದೇ ಸಾಕ್ಷಿ ಓದಿದ ಮೂವರಲ್ಲಿ ಒಬ್ಬರಿಗೆ ಅವನು ಕುಮಾರ ಅನಿಸಲೇ ಇಲ್ಲ.

ಆಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲ್. 1946ರ ಜುಲೈ 30ರಂದು ಅದು ಬಿಭಾವತಿಯ ಮನವಿಯನ್ನು ತಳ್ಳಿಹಾಕಿತು. ಲಂಡನ್ನಿನವರೂ ಅವನನ್ನೇ ಕುಮಾರ ಎಂದರು ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ನೇರ ಅಲ್ಲ. ಕೆಳಗಿನ ಎರಡು ಕೋರ್ಟು ಒಂದೇ ಸಂಗತಿಯನ್ನು ಒಪ್ಪಿದ್ದರೆ, ವಿಚಾರಣೆಯಲ್ಲಿ ದೊಡ್ಡ ದೋಷ ಕಾಣದ ಹೊರತು ತಾನು ಅದನ್ನು ಮತ್ತೆ ಕೆದಕುವುದಿಲ್ಲ ಎಂಬುದು ಅಲ್ಲಿನ ರೂಢಿ. ಲಾರ್ಡ್ ಥ್ಯಾಂಕರ್ಟನ್ ಈ ಕೇಸಿನಲ್ಲಿ ಆ ನಿಯಮವನ್ನೇ ಬಿಡಿಸಿ ಬರೆದರು. ವಕೀಲರು ಈ ತೀರ್ಪನ್ನು ಉಲ್ಲೇಖಿಸುತ್ತಾ ಬಂದಿರುವುದೂ ಆ ನಿಯಮಕ್ಕಾಗಿ. ಅಂದರೆ ಕೊನೆಯ ಕೋರ್ಟು "ಇವನು ಯಾರು" ಎಂದು ಮೊದಲಿನಿಂದ ಕೇಳಲೇ ಇಲ್ಲ. ಕೆಳಗಿನವರು ಕೇಳಿದ ಕ್ರಮ ಸರಿಯಿದೆಯಾ ಎಂದಷ್ಟೇ ನೋಡಿತು. ಅದು ತಪ್ಪಲ್ಲ, ಅವರ ಕೆಲಸವೇ ಅದು.

ತೀರ್ಪು ಬಂದ ಕೆಲವೇ ದಿನಗಳಲ್ಲಿ ಸನ್ಯಾಸಿ ತೀರಿಕೊಂಡ. ಪಾಪಕ್ಕೆ ಸಿಕ್ಕ ಶಿಕ್ಷೆ ಎಂದರು ಕೆಲವರು. ಆ ಮಾತಿಗೆ ನಾನು ಕಾಸಿನ ಬೆಲೆ ಕೊಡುವುದಿಲ್ಲ. ಅರವತ್ತು ದಾಟಿದ ಮನುಷ್ಯ, ಇಪ್ಪತ್ತೈದು ವರ್ಷದ ಜಗಳ.

ಹಾಗಾದರೆ ನಿಮಗೆ ಏನನಿಸುತ್ತದೆ, ಅವನೇನಾ ಇವನು? ಎರಡನೇ ಪ್ರಶ್ನೆ ಯಾವಾಗಲೂ ಇದೇ. ಹೆಚ್ಚಾಗಿ ಅವನೇ ಎಂಬುದು ನನ್ನ ಅಂದಾಜು. ಮೈಮೇಲಿನ ಗುರುತುಗಳನ್ನು ದಾಟಿ ಹೋಗಲು ನನಗೆ ದಾರಿ ಕಾಣುವುದಿಲ್ಲ. ಅಕ್ಕ ಗುರುತಿಸಿದಳು ಎಂಬುದಕ್ಕೆ ಅಷ್ಟು ಬೆಲೆ ಕೊಡಲಾರೆ. ಇಂಗ್ಲೆಂಡಿನ ಟಿಚ್‌ಬೋರ್ನ್ ಪ್ರಕರಣದಲ್ಲಿ ಆಸ್ಟ್ರೇಲಿಯಾದಿಂದ ಬಂದ ಕಸಾಯಿಯನ್ನು ಹೆತ್ತ ತಾಯಿಯೇ ನನ್ನ ಮಗ ಎಂದು ಅಪ್ಪಿಕೊಂಡಿದ್ದಳು. 1874ರಲ್ಲಿ ಅವನು ಸುಳ್ಳುಸಾಕ್ಷಿ ಹೇಳಿದ್ದಕ್ಕೆ ಜೈಲಿಗೆ ಹೋದ. ಕಳೆದುಹೋದವರಿಗಾಗಿ ಕಾದು ಕೂತವರ ಕಣ್ಣು ನಂಬಿಕೆಗೆ ತಕ್ಕದ್ದಲ್ಲ. ಹೆಂಡತಿ ಒಪ್ಪಲಿಲ್ಲ ಎಂಬುದಕ್ಕೂ ಅಷ್ಟೇ. ಒಪ್ಪಿದ್ದರೆ, ವಿಷದ ಆರೋಪ ಹೊತ್ತಿದ್ದ ತನ್ನ ಅಣ್ಣನನ್ನೇ ಕೊಲೆಗಾರ ಎಂದಂತೆ ಆಗುತ್ತಿತ್ತು.

ಅವನೇ ಎಂದು ಒಪ್ಪಿದ ಮೇಲೂ ನನಗೆ ನೆಮ್ಮದಿ ಸಿಗುವುದಿಲ್ಲ. ಮಳೆಗಾಳಿಯಲ್ಲಿ ಸ್ಮಶಾನದಿಂದ ಕುಮಾರ ಮಾಯವಾದ, ಸರಿ. ಮರುದಿನ ಬೆಳಿಗ್ಗೆ ಡಾರ್ಜಿಲಿಂಗಿನಲ್ಲಿ ಒಂದು ಶವದ ಮೆರವಣಿಗೆ ಹೊರಟದ್ದೂ ನಿಜ, ಸುಟ್ಟದ್ದೂ ನಿಜ. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಅದು ಕುಮಾರನ ಶವ ಅಲ್ಲ, ರಾತ್ರೋರಾತ್ರಿ ಬೇರೆ ಶವ ತಂದು ಸುಟ್ಟರು ಎಂಬುದು ಸನ್ಯಾಸಿಯ ಕಡೆಯವರ ವಾದ. ಕೋರ್ಟು ಗೆಲ್ಲಿಸಿದ್ದು ಆ ವಾದವನ್ನೇ. ಸಾಕ್ಷಿಗಳು ಕುಮಾರನ ಮೈಮೇಲಿನ ಒಂದೊಂದು ಗಾಯದ ಬಗ್ಗೆಯೂ ಮಾತಾಡಿದರು. ಅವನ ಬದಲು ಸುಟ್ಟುಹೋದ ಆ ಇನ್ನೊಬ್ಬನ ಹೆಸರು ಹೇಳಿ ಎಂದು ದಾವೆ ಹೂಡಲು ಅವನ ಕಡೆಯವರು ಯಾರೂ ಇರಲಿಲ್ಲ. ಭವಾಲ್ ಕೇಸು ಬಗೆಹರಿಯಿತು ಎನ್ನುವವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: 1909ರ ಮೇ 9ರಂದು ಅಲ್ಲಿ ಸುಟ್ಟದ್ದು ಯಾರನ್ನು?