ತಂಗಿ ಮನೆಗೆ ಹೋಗಿದ್ರಾ, ನ್ಯೂಜಿಲೆಂಡ್ ನೋಡೋಕೆ ಹೋಗಿದ್ರಾ?

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಸಂಘದ ಕಾರ್ಯಕ್ರಮ ಇರಲಿ, ಮಾಟುಂಗದಲ್ಲಿ ಯಾರದೋ ಮದುವೆ ಊಟ ಇರಲಿ, ಸಂಜೆ ಲೋಕಲ್‌ನ ಲೇಡೀಸ್ ಡಬ್ಬಿ ಇರಲಿ. "ಅಷ್ಟು ದೂರ ಹೋಗಿ ತಂಗಿ ಮನೆಯಲ್ಲೇ ಕೂತಿದ್ರಾ, ಇಲ್ಲಾ ಏನಾದ್ರೂ ನೋಡಿದ್ರಾ?" ಕೇಳುವವರ ಮನೆಯಲ್ಲೂ ಒಬ್ಬರಾದರೂ ಹೊರದೇಶದಲ್ಲಿ ಇರುತ್ತಾರೆ. ಒಬ್ಬರ ಮಗಳು ಕೆನಡಾದಲ್ಲಿ, ಇನ್ನೊಬ್ಬರ ಅಣ್ಣನ ಮಗ ಮೆಲ್ಬರ್ನ್‌ನಲ್ಲಿ. ಹಾಗಾಗಿ ಅವರು ನಿಜವಾಗಿ ಕೇಳುತ್ತಿರುವುದು ಇದು: ನೆಂಟರ ಮನೆಯಲ್ಲಿ ಇಳಿದುಕೊಂಡರೆ ದೇಶ ನೋಡೋಕೆ ಆಗುತ್ತಾ, ಅಥವಾ ಟೂರ್ ಕಂಪನಿಗೆ ದುಡ್ಡು ಕಟ್ಟಿಬಿಡೋದೇ ವಾಸಿನಾ?

ನಾನು ಹೋಗಿದ್ದು ತಂಗಿ ಮನೆಗೇ. ಆದರೆ ಅವಳ ಜೊತೆ ಆ ದೇಶ ಸುತ್ತದೆ ಇದ್ದಿದ್ದರೆ ಅವಳನ್ನೂ ಅರ್ಧವೇ ನೋಡಿ ಬಂದಂತೆ ಆಗುತ್ತಿತ್ತು.

ಅವಳಿರುವುದು ಕ್ರೈಸ್ಟ್‌ಚರ್ಚ್‌ನಲ್ಲಿ, ದಕ್ಷಿಣ ದ್ವೀಪದ ದೊಡ್ಡ ಊರು. ಮುಂಬೈಯಿಂದ ನೇರ ವಿಮಾನ ಇಲ್ಲ, ನಡುವೆ ಇಳಿದು ಹತ್ತಬೇಕು. ನಾವು ಹೋಗಿದ್ದು ಜನವರಿಯಲ್ಲಿ. ಅಲ್ಲಿ ಅದು ಬೇಸಿಗೆ, ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ.

ಹೊರಡುವ ಮೊದಲು ಎಲ್ಲರಿಗೂ ಹೇಳುವ ಒಂದು ಮಾತಿದೆ, ಅದು ಬ್ಯಾಗಿನ ವಿಷಯ. ನೆಂಟರ ಮನೆಗೆ ಹೋಗುವವರ ಬ್ಯಾಗಿನಲ್ಲಿ ಬಟ್ಟೆಗಿಂತ ತಿಂಡಿ ಜಾಸ್ತಿ ಇರುತ್ತದೆ, ಅಲ್ವಾ? ನ್ಯೂಜಿಲೆಂಡ್‌ನವರು ಇದರಲ್ಲಿ ಬಹಳ ಕಟ್ಟುನಿಟ್ಟು. ಅದು ದನ, ಕುರಿ, ಹಣ್ಣಿನ ತೋಟ ನಂಬಿಕೊಂಡಿರುವ ದೇಶ. ಕಾಲುಬಾಯಿ ರೋಗದಂಥದ್ದು ಒಂದು ಸಲ ಒಳಗೆ ಬಂದರೆ ಮುಗಿಯಿತು ಅನ್ನೋ ಭಯ. ತಾಜಾ ಹಣ್ಣು ಬೇಡ, ಜೇನು ಬೇಡವೇ ಬೇಡ. ಹಾಲಿನ ಸಿಹಿ ತರಬೇಡ ಅಂತ ತಂಗಿ ಮೊದಲೇ ಫೋನಿನಲ್ಲಿ ಹೇಳಿದ್ದಳು. ಮಾಟುಂಗ ಮಾರ್ಕೆಟ್ಟಿನ ಕರಿಬೇವಿನ ಆಸೆಯನ್ನೂ ಬಿಡಿ. ಉಳಿದದ್ದನ್ನು ಏನೇ ತಂದರೂ ಮುಚ್ಚಿಡಬೇಡಿ, ಫಾರ್ಮ್‌ನಲ್ಲಿ ಬರೆಯಿರಿ. ಬರೆದರೆ ಹೆಚ್ಚೆಂದರೆ ಅದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ.

ನಮ್ಮ ಸರದಿ ಬಂದಾಗ ಆ ಅಧಿಕಾರಿ ಹೆಣ್ಣುಮಗಳು ಹಲಸಿನ ಹಪ್ಪಳದ ಕಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಚಟ್ನಿಪುಡಿ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಯಜಮಾನರ ನಡಿಗೆ ಶೂ ಕೇಳಿ, ಅಡಿಯಲ್ಲಿ ಮಣ್ಣು ಇದೆಯಾ ಅಂತ ಪರೀಕ್ಷಿಸಿದಳು. ಹಪ್ಪಳ ಪಾಸಾಯಿತು, ಶೂ ತೊಳೆಯಲು ಒಳಗೆ ಹೋಯಿತು. ವಾಪಸ್ ಬಂದಾಗ ಅಂಗಡಿಯಿಂದ ತಂದ ದಿನಕ್ಕಿಂತ ಚೆನ್ನಾಗಿತ್ತು.

ಇನ್ನು ಮನೆಯ ವಿಷಯ. ಮನೆಯೊಳಗೆ ಎದುರುಬದುರು ಕೂತರೆ ಮಾತು ಎರಡು ದಿನಕ್ಕೆ ಮುಗಿಯುತ್ತದೆ. ಯಾರಿಗೆ ಶುಗರ್, ಯಾರ ಮಗನಿಗೆ ಹೆಣ್ಣು ನೋಡ್ತಿದಾರೆ, ಊರಿನ ಹಳೇ ಮನೆ ಏನಾಯ್ತು. ಆಮೇಲೆ ಅವಳಿಗೆ ಆಫೀಸಿನ ಕರೆ, ನನಗೆ ಪಾತ್ರೆ. ಅಡುಗೆಮನೆಯಲ್ಲಿ "ನೀನು ಬಿಡು", "ಇಲ್ಲ ನೀನು ಬಿಡು". ಪ್ರೀತಿಯೇನೋ ಇದೆ, ಆದರೆ ಒಳಗಿನ ಮಾತು ಹೊರಗೆ ಬರೋದಿಲ್ಲ. ಕಾರಿನಲ್ಲಿ ಹಾಗಲ್ಲ. ಎಲ್ಲರೂ ಮುಂದೆ ನೋಡುತ್ತಾ ಕೂತಿರುತ್ತಾರೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೊರಗೆ ಏನೋ ಕಾಣುತ್ತಿರುತ್ತದೆ. ಮಾತು ನಿಂತರೂ ಇರಿಸುಮುರಿಸಾಗುವುದಿಲ್ಲ. ಸುಮ್ನೆ ನಿಂತ ಮಾತು ಹತ್ತು ಮೈಲಿ ಆದ ಮೇಲೆ ತಾನಾಗೇ ಶುರುವಾಗುತ್ತದೆ.

ಮೊದಲ ವಾರಾಂತ್ಯ ಆರ್ಥರ್ಸ್ ಪಾಸ್ ಕಡೆ ಹೋದೆವು. ಅಲ್ಲಿ ಕಿಯಾ ಅಂತ ಒಂದು ಗಿಣಿ ಇದೆ, ಹಿಮದ ಬೆಟ್ಟಗಳಲ್ಲಿ ಬದುಕುವ ಗಿಣಿ. ಮಾಸಲು ಹಸಿರು ಮೈ, ರೆಕ್ಕೆ ಬಿಚ್ಚಿದರೆ ಅಡಿಯಲ್ಲಿ ಕಿತ್ತಳೆ ಬಣ್ಣ. ಕಾರು ನಿಲ್ಲಿಸಿ ಎರಡು ನಿಮಿಷವಾಗಿರಲಿಲ್ಲ, ಒಂದು ಬಂದು ಬಾನೆಟ್ ಮೇಲೆ ಕೂತಿತು. ತಲೆ ಓರೆ ಮಾಡಿ ನಮ್ಮನ್ನು ನೋಡಿತು. ಆಮೇಲೆ ನಿಧಾನವಾಗಿ ನಡೆದುಕೊಂಡು ಹೋಗಿ ಗಾಜಿನ ಅಂಚಿನ ರಬ್ಬರ್ ಕಚ್ಚಿ ಎಳೆಯತೊಡಗಿತು. ನಾನು ಬಿಸ್ಕತ್ತು ತೆಗೆಯುವಷ್ಟರಲ್ಲಿ ತಂಗಿಯ ಮಗ ಕೈ ಹಿಡಿದ. "ದೊಡ್ಡಮ್ಮಾ, ಕೊಡಬಾರದು. ಅದಕ್ಕೆ ಒಳ್ಳೇದಲ್ಲ." ಅಷ್ಟು ದಿನ ಫೋನಿನಲ್ಲಿ "ಹೈ ದೊಡ್ಡಮ್ಮ, ಬೈ ದೊಡ್ಡಮ್ಮ" ಅಷ್ಟೇ ಹೇಳುತ್ತಿದ್ದ ಹುಡುಗ. ಆವತ್ತು ದಾರಿಯುದ್ದಕ್ಕೂ ಹಕ್ಕಿಗಳ ಪಾಠ ಮಾಡಿದ. ಅವನಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ ಅನ್ನೋದು ಅವನಿಗೆ ಬಹಳ ಖುಷಿ ಕೊಟ್ಟಿತು.

ಆಮೇಲೆ ಎರಡು ರಾತ್ರಿಗೆ ಅಂತ ಟೆಕಾಪೊ ಕಡೆ ಹೊರಟೆವು. ಕ್ರೈಸ್ಟ್‌ಚರ್ಚ್‌ನಿಂದ ಮೂರು ತಾಸು. ದಾರಿಯಲ್ಲಿ ರಕಾಯಾ ನದಿ ದಾಟಬೇಕು. ಅದರ ಸೇತುವೆ ಸುಮಾರು 1.75 ಕಿ.ಮೀ., ಹತ್ತಿರ ಹತ್ತಿರ ನಮ್ಮ ವಾಶಿ ಸೇತುವೆಯಷ್ಟೇ. ಆದರೆ ಕೆಳಗೆ ನೋಡಿದರೆ ನೀರಿಗಿಂತ ಜಲ್ಲಿ ಜಾಸ್ತಿ. ಜಲ್ಲಿಯ ನಡುವೆ ನೀಲಿ ಎಳೆಗಳು ಜಡೆ ಹೆಣೆದುಕೊಂಡು ಹರಿಯುತ್ತಿರುತ್ತವೆ.

ಟೆಕಾಪೊ ಕೆರೆಯ ಬಣ್ಣ ಫೋಟೋದಲ್ಲಿ ನೋಡಿದಾಗ ಸುಳ್ಳು ಅಂದುಕೊಂಡಿದ್ದೆ. ಸುಳ್ಳಲ್ಲ. ಮೇಲಿನ ಹಿಮನದಿ ಜರುಗುತ್ತಾ ಕೆಳಗಿನ ಬಂಡೆಯನ್ನು ಗಂಧ ತೇಯ್ದ ಹಾಗೆ ತೇಯುತ್ತದೆ. ಆ ನುಣ್ಣನೆಯ ಕಲ್ಲುಪುಡಿ ಮುಳುಗದೆ ನೀರಿನಲ್ಲೇ ತೇಲುತ್ತದೆ. ಬಿಸಿಲು ಅದಕ್ಕೆ ಬಿದ್ದು ಚದುರಿದಾಗ ಈ ಹಾಲುಹಾಲು ನೀಲಿ. ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚ್ ಇದೆ, ಎಲ್ಲರೂ ಫೋಟೋ ತೆಗೆಯುವುದು ಅದರದ್ದೇ. ಇನ್ನೊಂದು, ಲೂಪಿನ್ ಹೂವು. ನವೆಂಬರ್, ಡಿಸೆಂಬರ್‌ನಲ್ಲಿ ದಡ ಪೂರ್ತಿ ನೇರಳೆ, ಗುಲಾಬಿ. ನಾವು ಹೋದಾಗ ಅದು ಬಾಡಿ ಹೋಗಿತ್ತು. ನನಗೇನೂ ಬೇಸರ ಆಗಲಿಲ್ಲ. ಅದು ಹೊರಗಿನಿಂದ ಬಂದ ಗಿಡ, ನದಿಯ ಜಲ್ಲಿಯಲ್ಲೆಲ್ಲ ಹಬ್ಬಿ ಅಲ್ಲಿ ಮೊಟ್ಟೆ ಇಡುವ ಹಕ್ಕಿಗಳಿಗೆ ಜಾಗ ಇಲ್ಲದ ಹಾಗೆ ಮಾಡುತ್ತದೆ. ಪ್ರವಾಸಿಗಳು ಅದನ್ನು ನೋಡೋಕೆ ಬರುತ್ತಾರೆ, ಅಲ್ಲಿಯವರು ಕಳೆ ಅಂತ ಕೀಳುತ್ತಾರೆ.

ಆ ಪ್ರದೇಶ 2012ರಿಂದ ನಕ್ಷತ್ರ ಚೆನ್ನಾಗಿ ಕಾಣಲಿ ಅಂತ ಕತ್ತಲೆ ಕಾಪಾಡುವ ಪ್ರದೇಶ. ಬೀದಿದೀಪದ ಬೆಳಕು ಮೇಲೆ ಹೋಗದ ಹಾಗೆ ಮುಚ್ಚಿರುತ್ತಾರೆ. ಜನವರಿಯಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆ ಸುಮಾರಿಗೆ, ಸರಿಯಾದ ಕತ್ತಲಾಗಲು ಮಧ್ಯರಾತ್ರಿ ಹತ್ತಿರ ಬರಬೇಕು. ಕಂಬಳಿ ಹೊದ್ದು ಕಾದೆವು. ಮೇಲೆ ನೋಡಿದರೆ ಮಹಾವ್ಯಾಧ, ಅಂದರೆ ಬೇಟೆಗಾರನ ಆಕಾರದ ಓರಿಯನ್ ನಕ್ಷತ್ರಪುಂಜ, ತಲೆಕೆಳಗಾಗಿ ನಿಂತಿದ್ದಾನೆ! ಡೊಂಬಿವಲಿ ಟೆರೇಸಿನಿಂದ ಕಾಣುವ ಅದೇ ಮೂರು ನಕ್ಷತ್ರದ ನಡುಪಟ್ಟಿ, ಕತ್ತಿ ಮಾತ್ರ ಮೇಲಕ್ಕೆ. ದಕ್ಷಿಣದಲ್ಲಿ ಎರಡು ಬಿಳಿ ಮೋಡದ ತುಣುಕು ಕದಲದೆ ನಿಂತಿದ್ದವು. ಅವು ಮೋಡ ಅಲ್ಲ, ಬೇರೆ ಗ್ಯಾಲಕ್ಸಿಗಳು, ಮೆಗಲಾನಿಕ್ ಮೋಡಗಳು ಅಂತ ಹೆಸರು. ನೆತ್ತಿಯ ಹತ್ತಿರ ಅಗಸ್ತ್ಯ ನಕ್ಷತ್ರ. ಮುಂಬೈಯಲ್ಲಿ ಅದು ದಕ್ಷಿಣದ ಅಂಚಿನಿಂದ ಹದಿನೆಂಟು ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ, ಕಟ್ಟಡದ ಹಿಂದೆಯೇ ಉಳಿಯುತ್ತದೆ. ಇಲ್ಲಿ ಮುಳುಗುವುದೇ ಇಲ್ಲ. "ಬರ್ತೀನಿ ಅಂತ ಹೇಳಿ ದಕ್ಷಿಣಕ್ಕೆ ಹೋದ ಅಗಸ್ತ್ಯರು ವಾಪಸ್ ಹೋಗಲೇ ಇಲ್ವಲ್ಲ ಅತ್ತಿಗೆ, ನಮ್ಮ ಮೊದಲ ಎನ್‌ಆರ್‌ಐ," ಅಂದರು ತಂಗಿಯ ಗಂಡ. ನಕ್ಕೆವು.

ಮರುದಿನ ಬೆಳಿಗ್ಗೆ ಪುಕಾಕಿ ಕೆರೆ. ಅದರ ಆ ತುದಿಯಲ್ಲಿ ಅಯೊರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್, ಆ ದೇಶದ ಅತಿ ಎತ್ತರದ ಬೆಟ್ಟ. ಎವರೆಸ್ಟ್ ಹತ್ತುವ ಮೊದಲು ಹಿಲರಿ ಪಳಗಿದ್ದು ಇಲ್ಲೇ. 1991ರಲ್ಲಿ ತುದಿಯ ಬಂಡೆ ಕುಸಿದು ಬಿತ್ತು. 2014ರಲ್ಲಿ ಮತ್ತೆ ಅಳೆದಾಗ ಹಳೆಯ ಲೆಕ್ಕಕ್ಕಿಂತ 30 ಮೀಟರ್ ಕಡಿಮೆ ಬಂತು. ಹುಡುಗ ಶಾಲೆಯಲ್ಲಿ ಕಲಿತ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಕತೆ ಹೇಳಿದ. ಅಯೊರಾಕಿ ಆಕಾಶದ ಮಗ. ತಂದೆಯ ಹೊಸ ಹೆಂಡತಿ ಭೂಮಿಯನ್ನು ನೋಡಲು ತಮ್ಮಂದಿರ ಜೊತೆ ದೋಣಿಯಲ್ಲಿ ಇಳಿದು ಬಂದ. ವಾಪಸ್ ಹೋಗುವಾಗ ಹೇಳಬೇಕಾದ ಮಂತ್ರ ತಪ್ಪಿತು. ದೋಣಿ ಸಿಕ್ಕಿಕೊಂಡು ಓರೆಯಾಯಿತು. ಅಣ್ಣತಮ್ಮಂದಿರು ಎತ್ತರದ ಬದಿಗೆ ಹತ್ತಿ ಕೂತರು, ದಕ್ಷಿಣದ ಗಾಳಿಗೆ ಹೆಪ್ಪುಗಟ್ಟಿ ಕಲ್ಲಾದರು. ಆ ದೋಣಿಯೇ ದಕ್ಷಿಣ ದ್ವೀಪ, ಅವರೇ ಈ ಬೆಟ್ಟಗಳು.

ಕತೆ ಹೇಳಿ ಮುಗಿಸಿ ಅವನು ಕಲ್ಲು ಎಸೆಯಲು ನೀರಿನ ಹತ್ತಿರ ಓಡಿದ. ತಂಗಿ ಥರ್ಮಾಸ್ ಮುಚ್ಚಳದಲ್ಲಿ ಚಹಾ ಸುರಿದು ನನಗೆ ಕೊಟ್ಟು, "ಅಮ್ಮನ ಹನ್ನೊಂದನೇ ದಿನ ನಾವು ಇಲ್ಲಿಗೇ ಬಂದಿದ್ವಿ," ಅಂದಳು.

ನಮ್ಮ ಅಮ್ಮ ತೀರಿಕೊಂಡಿದ್ದು 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆಯಲ್ಲಿ. ಆ ತಿಂಗಳು ನ್ಯೂಜಿಲೆಂಡ್ ಭಾರತದಿಂದ ತನ್ನ ನಾಗರಿಕರು ಬರುವುದನ್ನೂ ಕೆಲವು ವಾರ ನಿಲ್ಲಿಸಿತ್ತು. ತಂಗಿ ಭಾರತಕ್ಕೆ ಬಂದರೆ ವಾಪಸ್ ಹೋಗುವುದು ಯಾವಾಗ ಅನ್ನುವುದು ಗೊತ್ತಿರಲಿಲ್ಲ. ಆ ದೇಶದ ಗಡಿ ಪೂರ್ತಿ ತೆರೆದಿದ್ದು 2022ರ ಜುಲೈ ಕೊನೆಗೆ. ಅವಳು ಎಲ್ಲವನ್ನೂ ವಾಟ್ಸಾಪ್‌ನಲ್ಲಿ ನೋಡಿದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಏನೆಂದರೆ, ಆಗ ಅವಳ ಸುತ್ತ ಊರು ಮಾಮೂಲಾಗಿತ್ತು. ಕೆಫೆ ತೆರೆದಿತ್ತು, ಶಾಲೆ ನಡೆಯುತ್ತಿತ್ತು, ಮಾಸ್ಕ್ ಹಾಕಿದವರೂ ಕಡಿಮೆ. "ಆಫೀಸಲ್ಲಿ ಎಲ್ಲರೂ ಈಸ್ಟರ್ ರಜೆ ಮಾತಾಡ್ತಿದ್ರು. ಯಾರಿಗೆ ಏನು ಅಂತ ಹೇಳ್ಲಿ?" ಹನ್ನೊಂದನೇ ದಿನ ಗಂಡ ಏನೂ ಹೇಳದೆ ಕಾರು ಹೊರಡಿಸಿ ಇಲ್ಲಿಗೆ ಕರೆದುಕೊಂಡು ಬಂದರಂತೆ. ಅವಳು ನೀರಿನಲ್ಲಿ ಕೈ ಅದ್ದಿ ಒಂದು ಬೊಗಸೆ ಬಿಟ್ಟಳಂತೆ. ಮಂತ್ರ ಗೊತ್ತಿರಲಿಲ್ಲ, ಅಮ್ಮನ ಹೆಸರು ಹೇಳಿದಳಂತೆ.

ಇದನ್ನು ಅವಳು ಇಷ್ಟು ವರ್ಷ ಫೋನಿನಲ್ಲಿ ಹೇಳಿರಲಿಲ್ಲ. ಅವಳ ಮನೆ ಸೋಫಾದಲ್ಲೂ ಹೇಳುತ್ತಿರಲಿಲ್ಲ ಅಂತ ನನಗೆ ಖಾತ್ರಿ ಇದೆ. ಟೂರ್ ಬಸ್ಸಿನಲ್ಲಿ ಹೋಗಿದ್ದರೆ ಅದೇ ಜಾಗದಲ್ಲಿ ಹದಿನೈದು ನಿಮಿಷ ಇಳಿದು, ಫೋಟೋ ತೆಗೆದು, ಮತ್ತೆ ಹತ್ತಿರುತ್ತಿದ್ದೆ.

ಹಾಗಂತ ಟೂರ್ ಕಂಪನಿಯವರನ್ನು ಬೈಯೋದಿಲ್ಲ. ಕೆಲವರು ಮುಂಬೈಯಿಂದಲೇ ಅಡುಗೆಯವರನ್ನು ಕರೆದುಕೊಂಡು ಹೋಗುತ್ತಾರೆ, ಸಮಯಕ್ಕೆ ಸರಿಯಾಗಿ ಎಲ್ಲ ತೋರಿಸುತ್ತಾರೆ. ನೆಂಟರೇ ಇಲ್ಲದ ದೇಶಕ್ಕೆ ನಾನೂ ಹಾಗೇ ಹೋಗುತ್ತೇನೆ. ನನ್ನ ತಕರಾರು ಇರುವುದು ನೆಂಟರನ್ನೇ ಟೂರ್ ಕಂಪನಿ ಮಾಡಿಕೊಳ್ಳುವವರ ಬಗ್ಗೆ. ಎಲ್ಲೆಲ್ಲಿ ಹೋಗಬೇಕು ಅಂತ ಇಲ್ಲಿಂದಲೇ ಪಟ್ಟಿ ಕಳಿಸುತ್ತಾರೆ, ಪಾಪ, ಅವರು ವರ್ಷದ ರಜೆಯನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಮಿಲ್ಫೋರ್ಡ್ ಸೌಂಡ್ ಅಂತ ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ಕೊಲ್ಲಿ ಇದೆ; ಬಂದ ನೆಂಟರ ಜೊತೆಯೆಲ್ಲ ಅಲ್ಲಿಗೆ ಹೋಗಿ ತಂಗಿ ಸುಸ್ತಾಗಿದ್ದಳು. ಅಲ್ಲಿಗೆ ನಾನು, ಯಜಮಾನರು ಇಬ್ಬರೇ ಕ್ವೀನ್ಸ್‌ಟೌನ್‌ನಿಂದ ಬಸ್ಸಿನಲ್ಲಿ ಹೋಗಿಬಂದೆವು. ವರ್ಷಕ್ಕೆ ಆರು ಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ. ಆವತ್ತೂ ಬಿತ್ತು, ಬಂಡೆಯ ಮೇಲೆಲ್ಲ ಜಲಪಾತ. ಆಗುಂಬೆಯ ಮಳೆ ಕಂಡವರಿಗೆ ಛತ್ರಿ ಯಾವಾಗ ಮಡಚಿಡಬೇಕು ಅಂತ ಗೊತ್ತಿರುತ್ತದೆ.

ದುಡ್ಡಿನ ಮಾತನ್ನು ಮೊದಲೇ ಆಡಿಬಿಡಿ. ನಾವು ಹೊರಡುವ ಮೊದಲೇ ರೂಮಿನ ಖರ್ಚು ನಮ್ಮದು, ಪೆಟ್ರೋಲ್ ನಿಮ್ಮದು ಅಂತ ಹೇಳಿಬಿಟ್ಟಿದ್ದೆವು. ಟೆಕಾಪೊದಲ್ಲಿ ಅಡುಗೆಮನೆ ಇರುವ ಮೋಟೆಲ್ ತೆಗೆದುಕೊಂಡರೆ ಚಿತ್ರಾನ್ನ ಅಲ್ಲೇ ಆಗುತ್ತದೆ. ಅವರು ವಾರಾಂತ್ಯದಲ್ಲಿ ತಾವಾಗಿ ಎಲ್ಲಿಗೆ ಹೋಗುತ್ತಾರೆ ಕೇಳಿ, ಅಲ್ಲಿಗೆ ನಿಮ್ಮನ್ನೂ ಕರೆದುಕೊಂಡು ಹೋಗಲು ಹೇಳಿ. ನಾವೇ ಮುಂಬೈಗೆ ಬಂದ ನೆಂಟರಿಗೆ ಗೇಟ್‌ವೇ, ಜುಹು ತೋರಿಸಿ ಕಳಿಸಿಬಿಡುತ್ತೇವಲ್ಲ. ನಾವಾಗಿ ಹೋಗುವುದು ಕಾನ್ಹೇರಿ ಗುಹೆಗೆ, ಅದೂ ಮಳೆಗಾಲದಲ್ಲಿ. ತಂಗಿಯ ಮಗ ಮುಂದಿನ ಸಲ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಬೇಕು ಅಂತ ಇದ್ದೇನೆ, ಅಲ್ಲಿನ ಹಕ್ಕಿಗಳ ಹೆಸರು ನಾನು ಈಗಿನಿಂದಲೇ ಕಲಿಯಬೇಕಾಗಿದೆ.

ಕೊನೆಗೆ ಎಲ್ಲರೂ ಕೇಳುವುದು ಯಾವ ತಿಂಗಳು ಅಂತ. ಫೆಬ್ರವರಿ ಒಳ್ಳೆಯದು ಅನ್ನುತ್ತಾರೆ, ಶಾಲೆ ರಜೆ ಮುಗಿದು ರಸ್ತೆ ಖಾಲಿ, ರೂಮು ಅಗ್ಗ. ಆದರೆ ಆಗ ಮಕ್ಕಳು ಶಾಲೆಯಲ್ಲಿರುತ್ತಾರೆ, ದೊಡ್ಡವರು ಆಫೀಸಿನಲ್ಲಿ. ನಾನಾದರೆ ನಾಲ್ಕು ಕಾಸು ಜಾಸ್ತಿ ಹೋದರೂ ಜನವರಿಯಲ್ಲೇ ಹೋಗುತ್ತೇನೆ.